ಪಾಪುವಾ ಜನರನ್ನು ಕೇಳಿದವರು ಯಾರು? ಬೆಳ್ಳಿಚುಕ್ಕಿ ಬಾವುಟದ ಬಗ್ಗೆ ಒಂದು ಚರ್ಚೆ

ಬೆಳ್ಳಿಮೂಡಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ.

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಹಳದಿ ಬಣ್ಣ ಬಳಿದ ಮುಖ, ತಲೆ ಮೇಲೆ ದೊಡ್ಡ ಟೋಪಿಯಂಥದ್ದು, ಅದಕ್ಕೆ ಸಿಕ್ಕಿಸಿದ ಹೂವು, ಗರಿ. ಕೆಳಗೆ ಯಾರೋ ಬರೆದಿದ್ದರು: "ಪಾಪುವಾ ಕಾಡುಜನ. ಇನ್ನೂ ಶಿಲಾಯುಗದಲ್ಲೇ ಇದ್ದಾರೆ." ಹತ್ತು ಜನ ನಗುವ ಮುಖ ಹಾಕಿದರು. ನನಗೆ ತುಂಬಾ ಬೇಜಾರಾಯಿತು. ಏಳೆಂಟು ವರ್ಷದಿಂದ ಈ ಜನರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಅವರಿಗೆ ಆದ ಅನ್ಯಾಯದ ಬುಡದಲ್ಲಿ ಇರುವುದೇ ಈ ಮಾತು. "ಇವರಿಗೇನು ಗೊತ್ತಾಗುತ್ತೆ, ಇವರನ್ನು ಕೇಳುವುದೇನು" ಅನ್ನುವ ಮಾತು.

ಮೊದಲು ಜಾಗ ಹೇಳುತ್ತೇನೆ. ನ್ಯೂಗಿನಿ, ಗ್ರೀನ್‌ಲ್ಯಾಂಡ್ ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ದ್ವೀಪ. ನಕ್ಷೆ ನೋಡಿದರೆ ನಡುವೆ ಸ್ಕೇಲು ಇಟ್ಟು ಗೆರೆ ಹೊಡೆದ ಹಾಗೆ ಕಾಣುತ್ತದೆ. ಅದು 141ನೇ ರೇಖಾಂಶ. ಯೂರೋಪಿನ ಮೇಜಿನ ಮೇಲೆ ಎಳೆದ ಗೆರೆ. ಅದರ ಪೂರ್ವಕ್ಕೆ ಪಾಪುವಾ ನ್ಯೂಗಿನಿ. 1975ರ ಸೆಪ್ಟೆಂಬರ್ 16ರಂದು ಆಸ್ಟ್ರೇಲಿಯಾದ ಕೈಯಿಂದ ಸ್ವತಂತ್ರವಾಯಿತು. ಪಶ್ಚಿಮಕ್ಕೆ ಇರುವುದು ಇಂಡೋನೇಷ್ಯಾದ ಆಡಳಿತದಲ್ಲಿದೆ. ನಾನು ಜಾಸ್ತಿ ಬರೆಯುವುದು ಈ ಪಶ್ಚಿಮದ ಅರ್ಧದ ಬಗ್ಗೆ. ಬರೀ "ಪಾಪುವಾ" ಅಂದರೆ ನಾನು ಹೇಳುತ್ತಿರುವುದು ಇದನ್ನೇ.

ಇಂಡೋನೇಷ್ಯಾ ಡಚ್ಚರಿಂದ ಬಿಡಿಸಿಕೊಂಡಾಗ, 1949ರ ಕೊನೆಯಲ್ಲಿ, ಪಶ್ಚಿಮ ನ್ಯೂಗಿನಿ ಮಾತ್ರ ಡಚ್ಚರ ಹತ್ತಿರವೇ ಉಳಿಯಿತು. ಆಮೇಲೆ ಹತ್ತು ವರ್ಷ ಎಳೆದಾಟ. ಅಷ್ಟರಲ್ಲಿ ಪಾಪುವಾದ ಓದಿದ ಹುಡುಗರು ಪಕ್ಷ ಕಟ್ಟಿದರು. 1961ರ ಏಪ್ರಿಲ್‌ನಲ್ಲಿ ಒಂದು ಮಂಡಳಿ ಶುರುವಾಯಿತು, ಅದರಲ್ಲಿ ಹೆಚ್ಚಿನವರು ಪಾಪುವಾದವರೇ. ಆ ವರ್ಷ ಡಿಸೆಂಬರ್ 1ರಂದು ಹೊಲಾಂಡಿಯಾ ಊರಿನಲ್ಲಿ, ಅಂದರೆ ಈಗಿನ ಜಯಪುರದಲ್ಲಿ, ಡಚ್ಚರ ಬಾವುಟದ ಪಕ್ಕದಲ್ಲಿ ಅವರ ಬಾವುಟ ಏರಿತು. ಒಂದು ಕಡೆ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ನಕ್ಷತ್ರ, ಉಳಿದ ಕಡೆ ನೀಲಿ ಬಿಳಿ ಗೆರೆಗಳು. ಆ ನಕ್ಷತ್ರ ಬೆಳಗಿನ ಜಾವ ಮೂಡುವ ಬೆಳ್ಳಿ.

ಹದಿನೆಂಟು ದಿನ ಕಳೆದಿತ್ತು ಅಷ್ಟೇ. ಡಿಸೆಂಬರ್ 19ರಂದು ಇಂಡೋನೇಷ್ಯಾದ ಅಧ್ಯಕ್ಷ ಸುಕರ್ನೋ ಆ ಜಾಗ ಬಿಡಿಸಿಕೊಳ್ಳುವುದಾಗಿ ಘೋಷಿಸಿದರು. ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದರು. ಇಂಡೋನೇಷ್ಯಾ ಸೋವಿಯತ್ ಕಡೆ ವಾಲೀತು ಅಂತ ಅಮೆರಿಕಕ್ಕೆ ಭಯ. ಅದು ಡಚ್ಚರ ಮೇಲೆ ಒತ್ತಡ ಹಾಕಿತು. 1962ರ ಆಗಸ್ಟ್ 15ರಂದು ನ್ಯೂಯಾರ್ಕಿನಲ್ಲಿ ಒಪ್ಪಂದ ಆಯಿತು. ಸಹಿ ಹಾಕಿದ್ದು ಎರಡು ದೇಶ, ಇಂಡೋನೇಷ್ಯಾ ಮತ್ತು ನೆದರ್‌ಲ್ಯಾಂಡ್ಸ್. ಪಾಪುವಾ ಜನರ ಪರವಾಗಿ ಯಾರ ಸಹಿಯೂ ಇಲ್ಲ. ಆದರೆ ಅದರಲ್ಲಿ ಒಂದು ಮಾತು ಕೊಟ್ಟಿದ್ದರು: ಮುಂದೆ ಜನರ ಅಭಿಪ್ರಾಯ ಕೇಳುತ್ತೇವೆ, ವಯಸ್ಸಿಗೆ ಬಂದ ಗಂಡಸು ಹೆಂಗಸು ಎಲ್ಲರಿಗೂ ಅದರಲ್ಲಿ ಭಾಗ ಇರುತ್ತದೆ, ಅಂತರರಾಷ್ಟ್ರೀಯ ಪದ್ಧತಿಯಂತೆ ನಡೆಯುತ್ತದೆ.

1963ರ ಮೇ 1ಕ್ಕೆ ಆಡಳಿತ ಇಂಡೋನೇಷ್ಯಾಕ್ಕೆ ಹೋಯಿತು. ಕೇಳುವ ಕೆಲಸ ನಡೆದಿದ್ದು 1969ರಲ್ಲಿ. ಜನಸಂಖ್ಯೆ ಸುಮಾರು ಎಂಟು ಲಕ್ಷ. ಕೇಳಿದ್ದು ಸಾವಿರದ ಇಪ್ಪತ್ತೈದು ಜನರನ್ನು! ಅವರನ್ನು ಆರಿಸಿದ್ದು ಅಧಿಕಾರಿಗಳು. ಜುಲೈ 14ಕ್ಕೆ ಮೆರೌಕೆಯಲ್ಲಿ ಶುರು, ಆಗಸ್ಟ್ 2ಕ್ಕೆ ಜಯಪುರದಲ್ಲಿ ಮುಗಿಯಿತು. ಮತಪೆಟ್ಟಿಗೆ ಇಲ್ಲ, ಗುಟ್ಟಿನ ಓಟಿಲ್ಲ. ಸಭೆ, ಸುತ್ತ ಸೈನಿಕರು, ಒಬ್ಬೊಬ್ಬರಾಗಿ ಎದ್ದು ಇಂಡೋನೇಷ್ಯಾ ಪರ ಮಾತು. ಒಂದೇ ಒಂದು ಬೇರೆ ದನಿ ಇಲ್ಲ. ನವೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆ ಇದನ್ನು "ಗಮನಿಸಿತು". ಅಷ್ಟೇ. ಇದಕ್ಕೆ ಸರ್ಕಾರ ಇಟ್ಟ ಹೆಸರು "ಸ್ವತಂತ್ರ ಆಯ್ಕೆ". ಪಾಪುವಾ ಜನ ಅದನ್ನು "ಆಯ್ಕೆಯೇ ಇಲ್ಲದ ಆಯ್ಕೆ" ಅನ್ನುತ್ತಾರೆ.

ಎಲ್ಲರಿಗೂ ಓಟು ಯಾಕೆ ಕೊಡಲಿಲ್ಲ ಅಂದರೆ, ಇಲ್ಲಿನ ಜನ ತೀರಾ ಹಿಂದುಳಿದವರು, ಅವರಿಗೆ ಓಟು ತಿಳಿಯುವುದಿಲ್ಲ ಅಂತ ಅಂದಿನ ವಾದ. ವಾಟ್ಸಾಪ್ ಫೋಟೋ ಕೆಳಗಿದ್ದದ್ದೂ ಇದೇ ಅಲ್ವಾ?

---

ಶಿರಸಿ ತೋಟಿಗ

ಅಕ್ಕ, ರಾಜಕೀಯ ನನಗೆ ಅಷ್ಟು ಗೊತ್ತಿಲ್ಲ. ಒಂದು ವಿಷಯ ಕೇಳಬೇಕು. ಪಾಪುವಾದಲ್ಲಿ ಜನ ಅಡಿಕೆ ತಿನ್ನುತ್ತಾರೆ ಅಂತ ಯಾರೋ ಹೇಳಿದ್ದರು. ಹೌದಾ? ನಮ್ಮ ಹಾಗೆ ಎಲೆ, ಸುಣ್ಣ ಎಲ್ಲ ಇದೆಯಾ?

---

ಲೇ ಊರಿನ ಮೇಷ್ಟ್ರು

ತೋಟಿಗರೇ, ಇದಕ್ಕೆ ನಾನು ಉತ್ತರ ಹೇಳಬಲ್ಲೆ. ಪಾಪುವಾ ನ್ಯೂಗಿನಿಯ ಲೇ ಅನ್ನುವ ಊರಿನಲ್ಲಿ ಆರು ವರ್ಷ ಗಣಿತ ಕಲಿಸಿದ್ದೇನೆ.

ಅಲ್ಲಿ ಅಡಿಕೆಗೆ "ಬುವಾಯಿ" ಅನ್ನುತ್ತಾರೆ. ನಮ್ಮ ಹಾಗೆ ಬೇಯಿಸಿ ಒಣಗಿಸುವುದಿಲ್ಲ. ಹಸಿರು ಕಾಯಿಯನ್ನೇ ಹಲ್ಲಿನಿಂದ ಸಿಪ್ಪೆ ಬಿಡಿಸುತ್ತಾರೆ, ಒಳಗಿನ ಹಸಿ ಅಡಿಕೆ ಬಾಯಿಗೆ ಹಾಕುತ್ತಾರೆ. ವೀಳ್ಯದೆಲೆ ಬದಲಿಗೆ ಆ ಬಳ್ಳಿಯಲ್ಲಿ ಬಿಡುವ ಉದ್ದನೆಯ ಕಡ್ಡಿಯಂಥ ಕಾಯಿ. ಅದಕ್ಕೆ "ದಾಕಾ" ಅಂತ ಹೆಸರು. ಆ ಕಡ್ಡಿಯ ತುದಿ ಕಚ್ಚಿ, ಸುಣ್ಣದ ಪುಡಿಯಲ್ಲಿ ಅದ್ದಿ, ಮತ್ತೆ ಕಚ್ಚುತ್ತಾರೆ. ಸುಣ್ಣ ಹವಳದ್ದು ಅಥವಾ ಚಿಪ್ಪಿನದ್ದು. ಎರಡು ನಿಮಿಷದಲ್ಲಿ ಬಾಯಿ ಕೆಂಪು. ನಾನು ಮೊದಲ ಸಲ ತಿಂದಾಗ ಬೆವರು ಕಿತ್ತು ಬಂತು, ಕೂರಲು ಜಾಗ ಹುಡುಕಿದೆ. ನಮ್ಮ ಕಡೆಯ ಹಸಿ ಅಡಿಕೆ ಸೊಕ್ಕಿದ ಹಾಗೆಯೇ.

ಗಡಿಯ ಆ ಕಡೆಯೂ ಇದೇ ಅಭ್ಯಾಸ. ಅಲ್ಲಿ "ಪಿನಾಂಗ್" ಅನ್ನುತ್ತಾರೆ. ರಸ್ತೆ ಬದಿಯಲ್ಲಿ ಹೆಂಗಸರು ಸಣ್ಣ ಸಣ್ಣ ಗುಡ್ಡೆ ಮಾಡಿಟ್ಟು ಮಾರುತ್ತಾರೆ. ಅವರನ್ನು ಎಲ್ಲರೂ "ಮಾಮಾ" ಅಂತಲೇ ಕರೆಯುವುದು, ಅಂದರೆ ಅಮ್ಮ. ಕಚೇರಿ ಗೋಡೆ ಮೇಲೆ "ಇಲ್ಲಿ ಪಿನಾಂಗ್ ಉಗುಳಬೇಡಿ" ಅಂತ ಬೋರ್ಡು. ಇದು ನಮಗೆ ಹೊಸದೇನಲ್ಲ.

---

ಶಿರಸಿ ತೋಟಿಗ

ತುಂಬಾ ಖುಷಿಯಾಯಿತು ಮೇಷ್ಟ್ರೇ. ನಮ್ಮ ಮನೆಯಲ್ಲಿ ಅಜ್ಜನಿಗೆ ಓದಿ ಹೇಳಿದೆ. "ಅಡಿಕೆ ಕೊಟ್ಟು ಮಾತಾಡಿಸುವವರು ಕಾಡುಜನ ಹ್ಯಾಗಾಗ್ತಾರೆ" ಅಂದರು.

---

ನೆರೆಮನೆ ಇತಿಹಾಸ

ಬೆಳ್ಳಿಮೂಡಲು ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಇಂಡೋನೇಷ್ಯಾದ ಕಡೆಯಿಂದಲೂ ಸ್ವಲ್ಪ ನೋಡಬೇಕು ಅನ್ನಿಸುತ್ತದೆ. ಡಚ್ಚರು ಮುನ್ನೂರು ವರ್ಷ ಕೂತಿದ್ದ ದೇಶ ಅದು. ಬಿಟ್ಟು ಹೋಗುವಾಗ ಒಂದು ತುಂಡು ಇಟ್ಟುಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? 1961ರ ಡಿಸೆಂಬರ್ 19 ಅಂದಿರಲ್ಲ, ಅದೇ ದಿನ ಗೋವಾ ಪೋರ್ಚುಗೀಸರಿಂದ ಬಿಡುಗಡೆ ಆಯಿತು. ಕಾರವಾರದ ಕಡೆಯವರಿಗೆ ಆ ದಿನ ಇನ್ನೂ ನೆನಪಿದೆ. ನಾವು ಗೋವಾ ವಿಷಯದಲ್ಲಿ ಮಾಡಿದ್ದನ್ನೇ ಅವರು ಪಾಪುವಾ ವಿಷಯದಲ್ಲಿ ಮಾಡಿದರು ಅಂತ ಅವರ ಭಾವನೆ. ಭಾರತಕ್ಕೂ ಇಂಡೋನೇಷ್ಯಾಕ್ಕೂ ಆಗ ಗಾಢ ಸ್ನೇಹ ಇತ್ತು. 1947ರಲ್ಲಿ ಬಿಜು ಪಟ್ನಾಯಕ್ ಸ್ವತಃ ವಿಮಾನ ಹಾರಿಸಿಕೊಂಡು ಹೋಗಿ ಅಲ್ಲಿನ ನಾಯಕರನ್ನು ಕರೆತಂದಿದ್ದರು.

ಇನ್ನೊಂದು ಮಾತು. ಪಾಪುವಾದವರೆಲ್ಲ ಒಂದೇ ಕಡೆ ಇರಲಿಲ್ಲ. ಬಿಯಾಕ್ ದ್ವೀಪದ ಫ್ರಾನ್ಸ್ ಕೈಸಿಯೆಪೊ ಇಂಡೋನೇಷ್ಯಾ ಪರ ದುಡಿದವರು. ಆ ನಾಡಿಗೆ "ಇರಿಯಾನ್" ಅನ್ನುವ ಹೆಸರನ್ನು 1946ರಲ್ಲಿ ಸೂಚಿಸಿದ್ದೂ ಅವರೇ. ಇಂಡೋನೇಷ್ಯಾದ ಹತ್ತು ಸಾವಿರ ರೂಪಾಯಿ ನೋಟಿನ ಮೇಲೆ ಅವರ ಚಿತ್ರ ಬಂದಿದೆ. ಅವರನ್ನು ಮರೆಯಬಾರದು.

---

ಬೆಳ್ಳಿಮೂಡಲು

ಸರ್, ಕೈಸಿಯೆಪೊ ಅವರ ವಿಷಯ ನೀವು ಹೇಳಿದ್ದು ಸರಿ. ನಾನು ಬರೆಯಬೇಕಿತ್ತು. ಇಂಡೋನೇಷ್ಯಾದವರ ಸಿಟ್ಟೂ ನ್ಯಾಯದ್ದೇ, ಡಚ್ಚರ ಮೇಲೆ.

ಆದರೆ ಗೋವಾ ಅಂದಿರಿ, ಅಲ್ಲೇ ನಿಲ್ಲೋಣ. 1967ರ ಜನವರಿಯಲ್ಲಿ ಗೋವಾ ಜನರನ್ನು ಕೇಳಿದರು: ಮಹಾರಾಷ್ಟ್ರಕ್ಕೆ ಸೇರುತ್ತೀರಾ, ಬೇರೆಯಾಗಿ ಉಳಿಯುತ್ತೀರಾ? ಸೇರುವವರಿಗೆ ಹೂವಿನ ಗುರುತು, ಉಳಿಯುವವರಿಗೆ ಎರಡು ಎಲೆ. ಓದು ಬಾರದ ಮುದುಕಿಯೂ ಹೋಗಿ ಎಲೆಗೋ ಹೂವಿಗೋ ಮುದ್ರೆ ಒತ್ತಿ ಬಂದಳು. ಎರಡು ಎಲೆ 34,021 ಓಟಿನಿಂದ ಗೆದ್ದಿತು. ದೆಹಲಿ ಒಪ್ಪಿಕೊಂಡಿತು. ಭಾರತ ಬಿಟ್ಟು ಹೋಗುತ್ತೀರಾ ಅನ್ನುವ ಪ್ರಶ್ನೆ ಅಲ್ಲಿರಲಿಲ್ಲ, ನಿಜ. ಆದರೆ ಕೇಳುವ ರೀತಿ ನೋಡಿ. ಇದಾಗಿ ಎರಡೂವರೆ ವರ್ಷಕ್ಕೆ ಪಾಪುವಾದಲ್ಲಿ 1,025 ಜನರನ್ನು ಎಬ್ಬಿಸಿ ನಿಲ್ಲಿಸಿದರು.

ಹಿಂದುಳಿದವರಿಗೆ ಓಟು ತಿಳಿಯುವುದಿಲ್ಲ ಅನ್ನುವ ವಾದ ಅದೇ ದ್ವೀಪದಲ್ಲೇ ಸುಳ್ಳಾಗಿತ್ತು. 1964ರಲ್ಲಿ ಗೆರೆಯ ಪೂರ್ವಕ್ಕೆ, ಆಸ್ಟ್ರೇಲಿಯಾ ಆಳುತ್ತಿದ್ದ ಭಾಗದಲ್ಲಿ, ವಯಸ್ಕರಿಗೆಲ್ಲ ಓಟು ಕೊಟ್ಟು ಶಾಸನಸಭೆಗೆ ಚುನಾವಣೆ ನಡೆಸಿದ್ದರು. ಬೆಟ್ಟದ ಮೇಲಿನ ಊರುಗಳಲ್ಲೂ ನಡೆಯಿತು. ಬೆಟ್ಟ ಅದೇ, ಗೆಣಸಿನ ಹೊಲ ಅದೇ, ನಡುವೆ ಗೆರೆ ಮಾತ್ರ.

ನಮ್ಮ ದೇಶದವರೂ ಈ ಕಥೆಯಲ್ಲಿ ಇದ್ದಾರೆ. 1962ರ ಕದನವಿರಾಮ ನೋಡಿಕೊಳ್ಳಲು ವಿಶ್ವಸಂಸ್ಥೆ ಕಳಿಸಿದ್ದು ಭಾರತದ ಸೇನಾಧಿಕಾರಿ ಇಂದರ್‌ಜಿತ್ ರಿಖಿ ಅವರನ್ನು. ಇನ್ನೊಬ್ಬರು ಸಿ. ವಿ. ನರಸಿಂಹನ್, ಐಸಿಎಸ್ ಅಧಿಕಾರಿ, 1969ರಲ್ಲಿ ವಿಶ್ವಸಂಸ್ಥೆಯಲ್ಲಿ ಬಹಳ ಮೇಲಿನ ಹುದ್ದೆಯಲ್ಲಿದ್ದವರು. ಮೂವತ್ತು ವರ್ಷ ಕಳೆದ ಮೇಲೆ, 2001ರಲ್ಲಿ, ಒಬ್ಬ ಪತ್ರಕರ್ತರ ಮುಂದೆ ಅವರು ಒಪ್ಪಿಕೊಂಡರು. ಅದು ಬರೀ ಮೇಲೆ ಸುಣ್ಣ ಬಳಿದು ಮುಚ್ಚಿದ ಕೆಲಸ, ಆದಷ್ಟು ಬೇಗ ಈ ತಲೆನೋವು ಕಳೆದುಕೊಳ್ಳಬೇಕು ಅಂತ ಎಲ್ಲರಿಗೂ ಇತ್ತು, ಅನ್ನುವ ಅರ್ಥದಲ್ಲಿ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಳಗಿದ್ದವರಿಗೆ ಗೊತ್ತಿತ್ತು.

---

ನೆರೆಮನೆ ಇತಿಹಾಸ

ನರಸಿಂಹನ್ ಅವರ ವಿಷಯ ನನಗೆ ಗೊತ್ತಿರಲಿಲ್ಲ. 1969ರ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅದನ್ನು ಸಮರ್ಥಿಸಲು ಆಗುವುದಿಲ್ಲ. ಆದ ತಪ್ಪನ್ನು ಈಗ ಹೇಗೆ ಸರಿಪಡಿಸುವುದು ಅನ್ನುವುದು ಬೇರೆ ಪ್ರಶ್ನೆ. ಅದರಲ್ಲಿ ನನ್ನ ಅನುಮಾನ ಹಾಗೇ ಇದೆ.

---

ಹಾಡುಪಾಡು

ನಾನು ಜನಪದ ಹಾಡಿನ ವಿದ್ಯಾರ್ಥಿ. ಪಾಪುವಾ ನನಗೆ ಸಿಕ್ಕಿದ್ದು ಆರ್ನಾಲ್ಡ್ ಆಪ್ ಅವರ ಮೂಲಕ. ಅವರ ಬಗ್ಗೆ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಆಪ್ ಬಿಯಾಕ್‌ನವರು. ಜಯಪುರದ ಚೆಂದ್ರವಾಸಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದರು. 1978ರಲ್ಲಿ ಗೆಳೆಯರ ಜೊತೆ ಸೇರಿ "ಮಂಬೆಸಾಕ್" ಅನ್ನುವ ಹಾಡಿನ ತಂಡ ಕಟ್ಟಿದರು. ಬಿಯಾಕ್ ಮಾತಿನಲ್ಲಿ ಮಂಬೆಸಾಕ್ ಅಂದರೆ ಸ್ವರ್ಗದ ಹಕ್ಕಿ, ಆ ಬಂಗಾರದ ಬಾಲದ ಹಕ್ಕಿ. ಬೇರೆ ಬೇರೆ ಕಡೆಯ ಹಾಡು ಕೂಡಿಸಿ, ಆಯಾ ಭಾಷೆಯಲ್ಲೇ ಹಾಡಿದರು. ಜೊತೆಗೆ ಗಿಟಾರು, ಉಕುಲೇಲೆ, ಮತ್ತೆ "ತಿಫಾ" ಅನ್ನುವ ಉದ್ದನೆಯ ಡೋಲು. ಕ್ಯಾಸೆಟ್ ಮಾಡಿದರು. ರೇಡಿಯೋದಲ್ಲಿ ಕಾರ್ಯಕ್ರಮ ನಡೆಸಿದರು.

ಇದರಲ್ಲಿ ಅಪಾಯ ಏನಿತ್ತು ಅಂತ ಅನ್ನಿಸಬಹುದು. ಯೋಚಿಸಿ. ಕರಾವಳಿಯವನಿಗೆ ಬೆಟ್ಟದವನ ಭಾಷೆ ಬಾರದು. ನೂರಾರು ಭಾಷೆ ಇರುವ ನಾಡು. ಒಂದೇ ಕ್ಯಾಸೆಟ್‌ನಲ್ಲಿ ಎಲ್ಲರ ಹಾಡೂ ಬಂದಾಗ, ಮೊದಲ ಸಲ ಎಲ್ಲರಿಗೂ "ಇದು ನಮ್ಮದು" ಅನ್ನಿಸಿತು. ಅದೇ ಸಾಕಾಯಿತು. 1983ರ ನವೆಂಬರ್‌ನಲ್ಲಿ ಹಿಡಿದರು. ವಿಚಾರಣೆ ನಡೆಯಲಿಲ್ಲ. 1984ರ ಏಪ್ರಿಲ್ 26ರಂದು ಕೊಂದರು. ತಪ್ಪಿಸಿಕೊಳ್ಳಲು ಹೋಗಿ ಸತ್ತರು ಅಂತ ಸೇನೆ ಹೇಳಿತು. ಅದೇ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಜನ ಗಡಿ ದಾಟಿ ಪಾಪುವಾ ನ್ಯೂಗಿನಿಗೆ ಓಡಿದರು.

ನಮ್ಮಲ್ಲೂ ಊರೂರು ತಿರುಗಿ, ಹೊಲದಲ್ಲಿ ಕಳೆ ಕೀಳುವವರ ಪಕ್ಕ ಕೂತು ಹಾಡು ಬರೆದುಕೊಂಡವರಿದ್ದಾರೆ. ಅವರಿಗೆ ಪ್ರಶಸ್ತಿ ಕೊಟ್ಟೆವು, ಶಾಲು ಹೊದಿಸಿದೆವು. ಅದೇ ಕೆಲಸ ಮಾಡಿದ ಆಪ್‌ಗೆ ಸಿಕ್ಕಿದ್ದು ಗುಂಡು. ಇದನ್ನು ನೆನೆದಾಗೆಲ್ಲ ಗಂಟಲು ಕಟ್ಟುತ್ತದೆ.

---

ಕಲಬುರಗಿ ಓದುಗ

ಬೆಳ್ಳಿಚುಕ್ಕಿ ಯಾಕೆ ಬಾವುಟದ ಮೇಲೆ? ಅದರ ಹಿಂದೆ ಏನಾದರೂ ಕಥೆ ಇದೆಯಾ?

---

ಬೆಳ್ಳಿಮೂಡಲು

ಇದೆ. ನನಗೆ ಬಹಳ ಇಷ್ಟದ ಕಥೆ. ಇದು ಬಿಯಾಕ್ ಕಡೆಯದು.

ಮನರ್ಮಾಕೆರಿ ಅಂತ ಒಬ್ಬ ಮುದುಕ. ಮೈ ತುಂಬ ಕಜ್ಜಿ. ಯಾರೂ ಹತ್ತಿರ ಸೇರಿಸುವುದಿಲ್ಲ. ಅವನು ಮರದಿಂದ ಹೆಂಡ ಇಳಿಸುತ್ತಿದ್ದ. ದಿನಾ ಬೆಳಿಗ್ಗೆ ಹೋಗಿ ನೋಡಿದರೆ ಕಟ್ಟಿದ ಬಿದಿರಿನ ಅಂಡೆ ಖಾಲಿ. ಒಂದು ರಾತ್ರಿ ಕಳ್ಳನನ್ನು ಹಿಡಿಯಲು ಕಾದು ಕೂತ. ಬೆಳಗಿನ ಜಾವ ಆಕಾಶದಿಂದಲೇ ಕಳ್ಳ ಇಳಿದ. ಮುದುಕ ಗಟ್ಟಿಯಾಗಿ ಹಿಡಿದ. ನೋಡಿದರೆ ಸಾಂಪಾರಿ, ಅಂದರೆ ಬೆಳ್ಳಿಚುಕ್ಕಿ! "ಸೂರ್ಯ ಹುಟ್ಟುವ ಮೊದಲು ನಾನು ಹೋಗಬೇಕು, ಬಿಡು" ಅಂತ ಬೇಡಿದ. ಮುದುಕ ಬಿಡಲಿಲ್ಲ. ಕೊನೆಗೆ ಬೆಳ್ಳಿಚುಕ್ಕಿ ಅವನಿಗೆ "ಕೊರೆರಿ"ಯ ಗುಟ್ಟು ಹೇಳಿಕೊಟ್ಟ. ಕೊರೆರಿ ಅಂದರೆ ಪೊರೆ ಕಳಚುವುದು. ಹಾವು ಪೊರೆ ಬಿಟ್ಟು ಹೊಸದಾಗುತ್ತದಲ್ಲ, ಹಾಗೆ. ಮುಂದೆ ಮುದುಕ ಬೆಂಕಿಗೆ ಇಳಿದು, ಕಜ್ಜಿ ಚರ್ಮ ಕಳಚಿ, ಹೊಳೆಯುವ ಯುವಕನಾಗಿ ಬಂದ. ಆದರೂ ಜನ ಅವನನ್ನು ನಂಬಲಿಲ್ಲ. ಅವನು ದೋಣಿ ಹತ್ತಿ ಪಶ್ಚಿಮಕ್ಕೆ ಹೋದ. ಒಂದು ದಿನ ಬರುತ್ತಾನೆ, ಆಗ ಸಾವು ನೋವು ಇರುವುದಿಲ್ಲ ಅಂತ ನಂಬಿಕೆ.

ಆ ನಂಬಿಕೆ ಹಿಡಿದು ಬಿಯಾಕ್‌ನಲ್ಲಿ ಮತ್ತೆ ಮತ್ತೆ ಜನ ಎದ್ದಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಂಗನಿತಾ ಮೆನುಫಂದು ಅನ್ನುವ ಹೆಂಗಸು ಸಾವಿರಾರು ಜನರನ್ನು ಸೇರಿಸಿದ್ದಳು. ಡಚ್ಚರು ಅವಳನ್ನು ಹಿಡಿದರು. ಆಮೇಲೆ ಬಂದ ಜಪಾನೀಯರು ಕೊಂದರು. ಬಾವುಟದ ನಕ್ಷತ್ರಕ್ಕೆ ಇಷ್ಟು ಹಿಂದಿನ ನೆನಪು ಅಂಟಿಕೊಂಡಿದೆ.

ಅದಕ್ಕೇ ಅದನ್ನು ಏರಿಸಿದವರಿಗೆ ಅಷ್ಟು ಶಿಕ್ಷೆ. 2000ದ ಸುಮಾರಿಗೆ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಸ್ವಲ್ಪ ಕಾಲ ಸಡಿಲ ಬಿಟ್ಟಿದ್ದರು. ಇಂಡೋನೇಷ್ಯಾ ಬಾವುಟಕ್ಕಿಂತ ಕೆಳಗೆ ಹಾರಿಸಿ ಅಂದರು. "ಇರಿಯಾನ್ ಜಯ" ಹೋಗಿ "ಪಾಪುವಾ" ಅನ್ನುವ ಹೆಸರು ಬಂದದ್ದೂ ಅವರ ಕಾಲದಲ್ಲೇ. ಅದು ಬಹಳ ದಿನ ಉಳಿಯಲಿಲ್ಲ. 2001ರ ನವೆಂಬರ್‌ನಲ್ಲಿ ಪಾಪುವಾ ನಾಯಕ ಥೀಸ್ ಎಲುವಾಯ್ ಅವರನ್ನು ವಿಶೇಷ ಪಡೆಯ ಸೈನಿಕರು ಕೊಂದರು. ಕೊಂದವರಿಗೆ ಆದ ಶಿಕ್ಷೆ ಹೆಚ್ಚೆಂದರೆ ಮೂರೂವರೆ ವರ್ಷ. ಫಿಲೆಪ್ ಕರ್ಮ ಅನ್ನುವ ಸರ್ಕಾರಿ ನೌಕರ 2004ರ ಡಿಸೆಂಬರ್ 1ರಂದು ಶಾಂತವಾಗಿ ಬಾವುಟ ಏರಿಸಿದರು. ಅವರಿಗೆ ಹದಿನೈದು ವರ್ಷ. ಕ್ಷಮೆ ಕೊಡುತ್ತೇವೆ ಅಂದರೂ ಬೇಡ ಅಂದರು, ತಪ್ಪು ಮಾಡಿದ್ದರೆ ತಾನೇ ಕ್ಷಮೆ? 2015ರಲ್ಲಿ ಹೊರಗೆ ಬಂದರು. 2022ರಲ್ಲಿ ತೀರಿಕೊಂಡರು.

ಈ ಎರಡು ಶಿಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

---

ಮಂಡ್ಯದ ಹೈದ

ಇಲ್ಲಿ ಕಬ್ಬಿನ ವಿಷಯ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ನಾವು ಬೆಳೆಯುವ ದಪ್ಪ ಕಬ್ಬನ್ನು ಮೊದಲು ಸಾಕಿ ಬೆಳೆಸಿದ್ದು ನ್ಯೂಗಿನಿಯ ಜನ. ಸಾವಿರಾರು ವರ್ಷ ಹಿಂದೆ. ಅಲ್ಲಿಂದ ದ್ವೀಪ ದ್ವೀಪ ದಾಟಿ ನಮ್ಮ ಕಡೆಗೆ ಬಂತು. ನಮ್ಮಜ್ಜ ಹಾಕುತ್ತಿದ್ದ ರಸದಾಳಿ, ಹಲ್ಲಿನಲ್ಲೇ ಸಿಗಿದು ತಿನ್ನುವ ಮೆತ್ತನೆ ಕಬ್ಬು, ಆ ವಂಶದ್ದೇ. ಕೊಯಮತ್ತೂರಿನಲ್ಲಿ ಕಾಡು ಕಬ್ಬಿನ ಜೊತೆ ಕೂಡಿಸಿ ಮಾಡಿದ "ಕೋ" ತಳಿಗಳಲ್ಲೂ ಆ ರಕ್ತ ಇದೆ. ಬಾಳೆಯ ಮೂಲದಲ್ಲೂ ನ್ಯೂಗಿನಿಗೆ ದೊಡ್ಡ ಪಾಲು. ಅಲ್ಲಿ ಕುಕ್ ಅನ್ನುವ ಜೌಗು ಜಾಗದಲ್ಲಿ ಸುಮಾರು ಏಳು ಸಾವಿರ ವರ್ಷ ಹಿಂದೆಯೇ ಏರಿ ಮಾಡಿ ಕೃಷಿ ಮಾಡಿದ ಗುರುತು ಸಿಕ್ಕಿದೆ. ನೀರು ಬಸಿಯಲು ತೆಗೆದ ಕಾಲುವೆಯೂ ಇದೆ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವರನ್ನು ಶಿಲಾಯುಗ ಅನ್ನುವವರು ಬೆಳಿಗ್ಗೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವಾಗ ಒಂದು ಸಲ ನೆನೆಯಲಿ.

ಈಗ ನನಗೆ ಹೊಟ್ಟೆ ಉರಿಯುವ ವಿಷಯ. ಪಶ್ಚಿಮದ ಮೆರೌಕೆ ಕಡೆ 2024ರಿಂದ ಕಾಡು, ಜೌಗು ಕಡಿದು ಕಬ್ಬಿನ ತೋಟ, ಭತ್ತದ ಗದ್ದೆ ಮಾಡುತ್ತಿದ್ದಾರೆ. ಇಪ್ಪತ್ತು ಲಕ್ಷ ಹೆಕ್ಟೇರಿಗೂ ಹೆಚ್ಚಿನ ಯೋಜನೆ ಅಂತ ವರದಿಗಳಲ್ಲಿ ಬಂದಿದೆ. ಅಲ್ಲಿರುವವರು ಮಾರಿಂದ್ ಜನ. ಅವರ ಊಟ ಸಾಗೋ. ಅದು ಒಂದು ಜಾತಿಯ ತಾಳೆ ಮರ. ಕಡಿದು, ಒಳಗಿನ ತಿರುಳು ಕುಟ್ಟಿ, ನೀರಲ್ಲಿ ತೊಳೆದು ಹಿಟ್ಟು ತೆಗೆಯುತ್ತಾರೆ. ಆ ಮರಗಳನ್ನೇ ಬುಲ್ಡೋಜರು ಉರುಳಿಸುತ್ತಿದೆ. ಜನ ಕಾಡಿನ ದಾರಿಯಲ್ಲಿ ಕೆಂಪು ಬಣ್ಣದ ಶಿಲುಬೆ ನೆಟ್ಟು "ಇಲ್ಲಿಂದ ಮುಂದೆ ಬರಬೇಡಿ" ಅನ್ನುತ್ತಿದ್ದಾರೆ. ಪಕ್ಕದ ಅವ್ಯು ಜನ ತಾಳೆಎಣ್ಣೆ ತೋಟದ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 2024ರಲ್ಲಿ ಅಲ್ಲಿಯೂ ಸೋಲಾಯಿತು.

ಕಬ್ಬು ಕೊಟ್ಟವರ ಮನೆ ಕೆಡವಿ ಅಲ್ಲೇ ಕಬ್ಬು ನೆಡುವುದು. ಕಬ್ಬು ಬೆಳೆಗಾರನಾಗಿ ನನಗೆ ಇದನ್ನು ನುಂಗಲು ಆಗುತ್ತಿಲ್ಲ.

---

ಶಿರಸಿ ತೋಟಿಗ

ಸಾಗೋ ಹಿಟ್ಟಿನಿಂದ ಏನು ಮಾಡುತ್ತಾರೆ?

---

ಬೆಳ್ಳಿಮೂಡಲು

"ಪಪೇಡಾ" ಅಂತ. ಹಿಟ್ಟಿಗೆ ಕುದಿಯುವ ನೀರು ಹೊಯ್ದು ತಿರುವುತ್ತಾರೆ. ಅಂಟಂಟಾದ ಗಂಜಿ ಆಗುತ್ತದೆ, ನೋಡಲು ಗಾಜಿನ ಹಾಗೆ. ಅದನ್ನು ಎರಡು ಕಡ್ಡಿಗೆ ಸುತ್ತಿ ಸುತ್ತಿ ತಟ್ಟೆಗೆ ಎಳೆಯಬೇಕು. ಜೊತೆಗೆ ಅರಿಶಿನ ಹಾಕಿದ ಹುಳಿ ಮೀನು ಸಾರು. ಅಗಿಯುವ ಹಾಗಿಲ್ಲ, ನುಂಗಬೇಕು. ನಮ್ಮ ರಾಗಿಮುದ್ದೆಯ ಹಾಗೆಯೇ.

ಇದು ಕರಾವಳಿಯ ಊಟ. ಬೆಟ್ಟದ ಮೇಲೆ ಗೆಣಸು. ಅಲ್ಲಿ ಹಬ್ಬ ಅಂದರೆ ಕಲ್ಲು ಕಾಯಿಸಿ, ಗುಂಡಿಯಲ್ಲಿ ಎಲೆ ಹಾಸಿ, ಗೆಣಸು, ಸೊಪ್ಪು, ಹಂದಿ ಮಾಂಸ ಪದರ ಪದರವಾಗಿ ಇಟ್ಟು, ಬಿಸಿ ಕಲ್ಲಿನ ಹಬೆಯಲ್ಲೇ ಬೇಯಿಸುವುದು. ಜಗಳ ರಾಜಿಯಾದರೂ ಇದೇ, ಮದುವೆಯಾದರೂ ಇದೇ, ಸತ್ತರೂ ಇದೇ.

ಹೈದ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಗಣಿಯ ಕಥೆಯೂ ಹೀಗೇ. ಫ್ರೀಪೋರ್ಟ್ ಕಂಪನಿಗೆ ತಾಮ್ರ ತೆಗೆಯಲು ಇಂಡೋನೇಷ್ಯಾ ಒಪ್ಪಂದ ಕೊಟ್ಟಿದ್ದು 1967ರಲ್ಲಿ. ಜನರನ್ನು ಕೇಳುವ ಶಾಸ್ತ್ರ ನಡೆದದ್ದು 1969ರಲ್ಲಿ. ಅಂದರೆ ಕೇಳುವ ಎರಡು ವರ್ಷ ಮೊದಲೇ ಬೆಟ್ಟ ಕೊಟ್ಟಾಗಿತ್ತು! ಅಮುಂಗ್ಮೆ ಜನಕ್ಕೆ ಆ ಬೆಟ್ಟ ತಾಯಿಯ ತಲೆ ಇದ್ದ ಹಾಗೆ. ಮುಂದೆ 1988ರಲ್ಲಿ ಪಕ್ಕದ ಗ್ರಾಸ್‌ಬರ್ಗ್‌ನಲ್ಲಿ ಜಗತ್ತಿನ ಅತಿ ದೊಡ್ಡ ಚಿನ್ನದ ನಿಕ್ಷೇಪಗಳಲ್ಲಿ ಒಂದು ಸಿಕ್ಕಿತು. ಅದಿರು ತೆಗೆದು ಉಳಿದ ಪುಡಿ ಐಕ್ವಾ ನದಿಗೆ ಹೋಯಿತು. ಕೆಳಗೆ ಮೀನು, ಸಾಗೋ ನಂಬಿ ಬದುಕುವ ಕಮೊರೊ ಜನ. ನದಿ ಹೂಳು ತುಂಬಿ ಬೂದಿ ಬಣ್ಣದ ಬಯಲಾಗಿದೆ. 2018ರ ಕೊನೆಗೆ ಇಂಡೋನೇಷ್ಯಾ ಆ ಗಣಿಯ 51 ಶೇಕಡಾ ಪಾಲು ತನ್ನ ಕೈಗೆ ತೆಗೆದುಕೊಂಡಿತು. ನದಿ ಹಾಗೇ ಇದೆ.

---

ನೆರೆಮನೆ ಇತಿಹಾಸ

ಒಂದು ಮಾತು ಹೇಳಲೇಬೇಕು. ಸ್ವಾತಂತ್ರ್ಯ ಬೇಕು ಅಂತ ಆಯುಧ ಹಿಡಿದ ಪಾಪುವಾದವರ ಕೈಯಲ್ಲೂ ಜನ ಸತ್ತಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಪಾಪುವಾದ ಬೆಟ್ಟದ ಸೀಮೆ ಎನ್‌ಡುಗಾದಲ್ಲಿ ರಸ್ತೆ ಕೆಲಸದ ಕೂಲಿಗಳನ್ನು ಕೊಂದರು. ಹೊಟ್ಟೆಪಾಡಿಗೆ ದೂರದಿಂದ ಬಂದವರು ಅವರು. 2023ರಲ್ಲಿ ನ್ಯೂಜಿಲೆಂಡಿನ ಒಬ್ಬ ಪೈಲಟ್‌ನನ್ನು ಒಯ್ದು ಒಂದೂವರೆ ವರ್ಷ ಇಟ್ಟುಕೊಂಡರು.

---

ಬೆಳ್ಳಿಮೂಡಲು

ಸತ್ಯ ಸರ್. ಆ ಕೂಲಿಗಳ ಸಾವಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದಾದ ಮೇಲೆ ಸೇನೆ ನುಗ್ಗಿತು, ಎನ್‌ಡುಗಾದ ಸಾವಿರಾರು ಜನ ಮನೆ ಬಿಟ್ಟು ಕಾಡು ಸೇರಿದರು. ಅವರ ಹೆಸರು ಯಾವ ಸುದ್ದಿಯಲ್ಲೂ ಬರಲಿಲ್ಲ. ವಿದೇಶಿ ಪತ್ರಕರ್ತರು ಅಲ್ಲಿಗೆ ಹೋಗುವುದೇ ಕಷ್ಟ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಜಾವಾ ದ್ವೀಪದ ಸುರಬಾಯಾದಲ್ಲಿ ಪಾಪುವಾ ವಿದ್ಯಾರ್ಥಿಗಳ ಹಾಸ್ಟೆಲ್ ಮುಂದೆ ಗುಂಪು ಸೇರಿ "ಕೋತಿಗಳಾ" ಅಂತ ಕೂಗಿದರು. ಮರುದಿನಗಳಲ್ಲಿ ಪಾಪುವಾದ ಊರುಗಳಲ್ಲಿ, ಮನೋಕ್ವಾರಿ, ಜಯಪುರ, ಆಮೇಲೆ ವಮೇನಾ ಎಲ್ಲ ಕಡೆ ಜನ ಬೀದಿಗೆ ಬಂದರು. ಸರ್ಕಾರ ಇಂಟರ್ನೆಟ್ ಕಡಿದು ಹಾಕಿತು. ಅದು ಕಾನೂನಿಗೆ ವಿರುದ್ಧ ಅಂತ 2020ರಲ್ಲಿ ಜಕಾರ್ತಾದ ನ್ಯಾಯಾಲಯವೇ ಹೇಳಿತು. ಆ ತೀರ್ಪು ಬಂದದ್ದು ಇಂಡೋನೇಷ್ಯಾದ ಪತ್ರಕರ್ತರು, ವಕೀಲರು ಹೋರಾಡಿದ್ದರಿಂದ. ಅದನ್ನೂ ಹೇಳಬೇಕು.

---

ಲೇ ಊರಿನ ಮೇಷ್ಟ್ರು

ಪೂರ್ವದ ಭಾಗದ ಬಗ್ಗೆ ನಾಲ್ಕು ಮಾತು. ಸ್ವತಂತ್ರ ದೇಶ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಬೂಗನ್‌ವಿಲ್ ದ್ವೀಪದಲ್ಲಿ ಪಂಗುನಾ ಗಣಿಯ ಜಗಳ 1988ರಲ್ಲಿ ಯುದ್ಧವೇ ಆಗಿ ಹತ್ತು ವರ್ಷ ನಡೆಯಿತು. ಕೊನೆಗೆ 2001ರಲ್ಲಿ ಶಾಂತಿ ಒಪ್ಪಂದ, 2019ರಲ್ಲಿ ಜನರ ಮತ. ಸುಮಾರು 98 ಶೇಕಡಾ ಜನ ಸ್ವಾತಂತ್ರ್ಯ ಬೇಕು ಅಂದರು. ಜಾರಿ ಆಗುವುದಕ್ಕೆ ಇನ್ನೂ ಮಾತುಕತೆ ನಡೆಯುತ್ತಲೇ ಇದೆ. ಆದರೆ ಒಬ್ಬೊಬ್ಬರನ್ನೂ ಕೇಳಿದರು.

ಭಾಷೆಯ ಬಗ್ಗೆ ಹೇಳದಿದ್ದರೆ ಕನ್ನಡದವರಿಗೆ ಸಮಾಧಾನ ಆಗುವುದಿಲ್ಲ. ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆ. ಒಂದು ಕಣಿವೆಯ ಭಾಷೆ ಪಕ್ಕದ ಕಣಿವೆಗೆ ಅರ್ಥ ಆಗುವುದಿಲ್ಲ. ಎಲ್ಲರಿಗೂ ನಡುವೆ ಟೋಕ್ ಪಿಸಿನ್ ಅನ್ನುವ ಮಾತು. ಅದರಲ್ಲಿ "ವಾನ್‌ಟೋಕ್" ಅಂದರೆ ಒಂದೇ ಮಾತಿನವನು. ನಮ್ಮ ಕಡೆಯವನು ಅನ್ನುವ ಅರ್ಥ. ಒಂದು ಸಲ ಮಳೆಯಲ್ಲಿ ನನ್ನ ಕಾರು ಕೆಟ್ಟು ನಿಂತಿತ್ತು. ನನ್ನ ವಿದ್ಯಾರ್ಥಿಯೊಬ್ಬ ರಸ್ತೆಯ ಆ ಕಡೆ ನೋಡಿ ಯಾರನ್ನೋ ಕೂಗಿದ. ನಾಲ್ಕು ಜನ ಓಡಿ ಬಂದು ತಳ್ಳಿದರು. "ಗುರುತಿದೆಯಾ?" ಅಂದೆ. "ಇಲ್ಲ ಸರ್, ವಾನ್‌ಟೋಕ್" ಅಂದ.

ಓಕ್ಸಾಪ್‌ಮಿನ್ ಕಡೆಯ ಇನ್ನೊಬ್ಬ ಹುಡುಗ ಅವರ ಲೆಕ್ಕ ತೋರಿಸಿದ. ಅವರು ಮೈ ಮೇಲೆ ಎಣಿಸುತ್ತಾರೆ. ಒಂದು ಕೈಯ ಹೆಬ್ಬೆರಳಿಂದ ಒಂದು. ಬೆರಳು ಮುಗಿದು ಮಣಿಕಟ್ಟು, ತೋಳು, ಭುಜ, ಕತ್ತು, ಕಿವಿ, ಕಣ್ಣು, ಹೀಗೆ ಮೂಗಿಗೆ ಬಂದರೆ 14. ಮೂಗಿನಿಂದ ಆ ಕಡೆ ಇಳಿದು ಇನ್ನೊಂದು ಕೈಯ ಕಿರುಬೆರಳಿಗೆ 27. ಗಣಿತದ ಮೇಷ್ಟ್ರಾದ ನಾನು ಅವತ್ತು ಅವನ ಮುಂದೆ ನಿಂತು ಮೂಗು ಮುಟ್ಟಿಕೊಂಡು ಕಲಿತೆ.

ಇನ್ನು, ಬೆಳ್ಳಿಮೂಡಲು ಅವರೇ, ನೀವು ಹೇಳಿದ ಫೋಟೋ. ಹಳದಿ ಮುಖ, ತಲೆ ಮೇಲೆ ಟೋಪಿ, ಹೂವು. ಅವರು "ಹುಲಿ" ಅನ್ನುವ ಜನಾಂಗದವರು ಇರಬೇಕು (ನಮ್ಮ ಕಾಡಿನ ಹುಲಿ ಅಲ್ಲ, ಅದು ಅವರ ಹೆಸರು). ಪಾಪುವಾ ನ್ಯೂಗಿನಿಯ ತಾರಿ ಕಡೆಯವರು. ಅದು ಟೋಪಿ ಅಲ್ಲ, ಅವರದೇ ಕೂದಲು. ಮದುವೆಗೆ ಮೊದಲು ಹುಡುಗರು ಒಬ್ಬ ಗುರುವಿನ ಹತ್ತಿರ ಸೇರುತ್ತಾರೆ. ಸುಮಾರು ಒಂದೂವರೆ ವರ್ಷ ಅಲ್ಲೇ ಇದ್ದು ಕೂದಲು ಬೆಳೆಸುತ್ತಾರೆ. ದಿನಾ ಎಲೆಯಲ್ಲಿ ನೀರು ಚಿಮುಕಿಸಬೇಕು, ಮಂತ್ರ ಹೇಳಬೇಕು. ಊಟಕ್ಕೂ ಕಟ್ಟುಪಾಡು. ಬೆಳೆದ ಮೇಲೆ ಕತ್ತರಿಸಿ ಆ ಆಕಾರ ಕಟ್ಟುತ್ತಾರೆ.

---

ಬೆಳ್ಳಿಮೂಡಲು

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನೀವು ಬರೆದದ್ದನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಿದೆ. ಜನರ ಹೆಸರು, ಊರಿನ ಹೆಸರು ಸಮೇತ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ದೊಡ್ಡಮ್ಮ ಬರೆದರು: "ಅಷ್ಟು ಕೂದಲು ಇಟ್ಟುಕೊಂಡು ಆ ಹುಡುಗರು ರಾತ್ರಿ ಮಲಗೋದು ಹ್ಯಾಗೆ? ಕೇಳಿ ಹೇಳು."

---

ಲೇ ಊರಿನ ಮೇಷ್ಟ್ರು

ದೊಡ್ಡಮ್ಮನವರಿಗೆ ಹೇಳಿ. ತಲೆ ನೆಲಕ್ಕೆ ತಾಗಿಸುವ ಹಾಗಿಲ್ಲ. ಕತ್ತಿನ ಕೆಳಗೆ ಒಂದು ಆನಿಕೆ ಇಟ್ಟು, ಅಂಗಾತ ಮಲಗುತ್ತಾರೆ. ಕೂದಲು ಅಪ್ಪಚ್ಚಿ ಆಗಬಾರದು. ಒಂದೂವರೆ ವರ್ಷ ಹಾಗೇ.